ಹಿಡಿತ

"ಸಾಮಿ, ಬಲಗೈ ಸ್ವಲ್ಪ ಮೇಲೆ ಎತ್ತಿ. ಆಶೀರ್ವಾದ ಮಾಡೋ ಹಂಗೆ," ಎಂದಳು ಗೋಕಿಲಾ.

ಮಠದ ಹಿರಿಯ ಸ್ವಾಮಿಗಳು ಕುರ್ಚಿಯ ತೋಳಿನಿಂದ ಕೈ ಬಿಟ್ಟರು. ಮರುಗಳಿಗೆಯೇ ಮೈ ಒಂದು ಕಡೆಗೆ ವಾಲಿತು. ಗಬಕ್ಕನೆ ಮತ್ತೆ ಹಿಡಿದುಕೊಂಡರು.

"ಆಗಲ್ಲ ಕಣಮ್ಮಾ. ಬಿಟ್ರೆ ಬಿದ್ದೋಗ್ತೀನಿ. ಎಂಟು ತಿಂಗಳಿಂದ ಹಿಂಗೇ."

ಗೋಕಿಲಾ ಸಿರುಮುಗೈ ಊರಿನ ಮಗ್ಗಗಳಿಗೆ ಸೀರೆಯ ಡಿಸೈನ್ ಬರೆಯುವವಳು. ಎಂಬತ್ತು ತುಂಬಲಿರುವ ಸ್ವಾಮಿಗಳ ಚಿತ್ರವನ್ನು ರೇಷ್ಮೆಯಲ್ಲೇ ನೇಯಿಸಬೇಕೆಂದು ಮಠದ ಕಮಿಟಿಗೆ ಆಸೆ. ಅದಕ್ಕೆ ಮೊದಲು ಪೆನ್ಸಿಲ್ಲಿನ ಕರಡು ಆಗಬೇಕಿತ್ತು.

"ಕೈ ಮಾತ್ರ ಬೇರೆ ತರ ಬರೀಲಾ ಸಾಮಿ?"

"ಬೇಡ, ಇದ್ದದ್ದು ಇದ್ದಂಗೇ ಬರಿ." ಸ್ವಾಮಿಗಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಪೀಠ ಇಳೀತೀನಿ, ಚಿಕ್ಕ ಸಾಮಿಗಳನ್ನ ಕೂರ್ಸಿ ಅಂತ ಕಮಿಟಿಯವರಿಗೆ ಮೂರು ಸಲ ಹೇಳ್ದೆ. ನೀವು ಸುಮ್ನೆ ಕೂತಿದ್ರೆ ಸಾಕು ಸಾಮಿ ಅಂತಾರೆ. ನಿನ್ನ ಪಟ ನೋಡಿಯಾದ್ರೂ ಅವರಿಗೆ ತಿಳೀಲಿ."

ಗೋಕಿಲಾ ಒಂದು ಗೆರೆಯಲ್ಲೂ ಸುಳ್ಳು ಹೇಳಲಿಲ್ಲ. ಬಿಗಿದ ಗೆಣ್ಣು, ಉಬ್ಬಿದ ನರ, ಅಂಜಿ ಅಗಲವಾದ ಕಣ್ಣು, ಕಚ್ಚಿಹಿಡಿದ ತುಟಿ, ಎಲ್ಲವೂ ಬಂದವು. ಹದಿನೆಂಟು ವರ್ಷ ನವಿಲು, ಮಾವಿನಕಾಯಿ ಬರೆದ ಕೈಗೆ ಭಯ ಇಷ್ಟು ಚೆನ್ನಾಗಿ ಒಲಿದೀತೆಂದು ಅವಳೂ ಎಣಿಸಿರಲಿಲ್ಲ.

ಕಮಿಟಿಯ ನಂಜಪ್ಪನ್ ನಾಲ್ವರನ್ನು ಕಟ್ಟಿಕೊಂಡು ಒಳಗೆ ಬಂದರು. ಗೋಕಿಲಾ ಎದ್ದು ನಿಂತು, ದೊಡ್ಡ ಹಾಳೆಯ ಎರಡೂ ತುದಿ ಹಿಡಿದು ತೋರಿಸಿದಳು. ನಂಜಪ್ಪನ್ ಹತ್ತಿರ ಬಂದು ನೋಡಿದರು. ಅವರ ಕಣ್ಣು ತುಂಬಿಬಂತು. ಸದ್ಯ, ತಿಳಿಯಿತಲ್ಲ ಎಂದು ಗೋಕಿಲಾ ಉಸಿರುಬಿಟ್ಟಳು.

"ಅಡಡಾ! ಏನು ಗತ್ತು!" ಎಂದರು ನಂಜಪ್ಪನ್. "ಆ ಕಣ್ಣು ನೋಡ್ರಪ್ಪಾ, ಎದುರು ನಿಲ್ಲಕ್ಕಾಗುತ್ತಾ? ಪೀಠದ ಮೇಲಿನ ಹಿಡಿತ ನೋಡಿ! ಇನ್ನ ಹತ್ತು ವರ್ಷ ನಮ್ಮ ಸಾಮೀನ ಯಾರೂ ಅಲ್ಲಾಡ್ಸಕ್ಕಾಗಲ್ಲ."

"ಅಣ್ಣಾ, ಅದು ಹಿಡಿತ ಅಲ್ಲ. ಸಾಮಿಗೆ..."

"ನೀ ಸುಮ್ನಿರಮ್ಮಾ. ಬರ್ದೋರಿಗೆ ಅದರ ಮಹಿಮೆ ಗೊತ್ತಾಗಲ್ಲ. ಆ ಕೈಬೆರಳಿಗೆಲ್ಲ ಚೊಕ್ಕ ಜರಿ ಹಾಕ್ಸು."

ಹೇಳಿದವರೇ ಹಾಳೆಯ ಮುಂದೆ ಉದ್ದಕ್ಕೆ ಅಡ್ಡಬಿದ್ದರು. ಉಳಿದ ನಾಲ್ವರೂ ಬಿದ್ದರು. ಅವರ ಬೆನ್ನ ಹಿಂದೆ ಸ್ವಾಮಿಗಳು ಏಳಲು ನೋಡಿದರು, ಆಗಲಿಲ್ಲ. ಆಸರೆಗೆಂದು ಒಂದು ಕೈ ಮುಂದೆ ಚಾಚಿದರು. ನೋಡಿದವಳು ಗೋಕಿಲಾ ಒಬ್ಬಳೇ. ಅವಳ ಎರಡೂ ಕೈಯಲ್ಲಿ ಪಟವಿತ್ತು.