ಮೊದಲ ಹಿಡಿ ಹುರುಳಿ

ಕಂಪ್ಯೂಟರ್ ಸಂತೆಯಲ್ಲಿ ನಿಜಗುಣ ಬೆಳಗಿನಿಂದ, ದನಗಳ ಹಾಗೆ ಗೂಟಕ್ಕೆ ಕಟ್ಟಿದ್ದ ಕಂಪ್ಯೂಟರುಗಳಲ್ಲಿ ಒಂದೊಂದರ ಬೆನ್ನು ಸವರಿ, ಉಸಿರು ಬಿಸಿಯಾಗಿದೆಯೋ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದ. ಲೆಕ್ಕಪತ್ರ ಮಾಡುವ ಸಾಧು ಜಾತಿ ಅವನಿಗೆ ಬೇಡವಾಗಿತ್ತು. ಆಟದ ತಳಿಯದೇ ಬೇಕು. ಅದಿದ್ದರೆ, ಆಟವೆಂದರೆ ಪ್ರಾಣ ಬಿಡುವ ದಾಕ್ಷಾಯಿಣಿ ದಿನಾ ಸಂಜೆ ತನ್ನ ಕೊಟ್ಟಿಗೆಗೆ ಬಂದಾಳು ಎಂಬುದು ಅವನ ಆಸೆ. ಆರಿಸಿಕೊಡು ಎಂದು ಅವಳನ್ನೇ ಕರೆತಂದಿದ್ದ.

ಕೊನೆಗೆ ಕರಿ ಮೈಯ, ನೀಲಿ ಕಣ್ಣಿನದೊಂದು ಇಬ್ಬರಿಗೂ ಹಿಡಿಸಿತು.

"ಮೊದಲ ಹಿಡಿ ಹುರುಳಿ ನೀನೇ ತಿನ್ನಿಸಪ್ಪಾ," ಎಂದ ದಲ್ಲಾಳಿ. "ಯಾರ ಕೈಯಲ್ಲಿ ತಿನ್ನುತ್ತೋ, ಸಾಯೋವರೆಗೂ ಅವರ ಬೆನ್ನು ಬಿಡಲ್ಲ."

"ಅಯ್ಯೋ, ಎಷ್ಟು ಮುದ್ದಾಗಿದೆ! ನಾನು ಕೊಡ್ಲಾ?" ದಾಕ್ಷಾಯಿಣಿ ಕೈ ಚಾಚಿದಳು.

ದಲ್ಲಾಳಿ ಕೆಮ್ಮಿದ. ನಿಜಗುಣ ಅವಳ ಮುಖ ನೋಡಿ, "ಅದಕ್ಕೇನಂತೆ, ಕೊಡು," ಎಂದ.

ಸಂಜೆ ಕಂಪ್ಯೂಟರ್ ಅವನ ಕೈಯಿಂದ ಹಗ್ಗ ಕಿತ್ತುಕೊಂಡು ಅವಳ ಹಿಂದೆಯೇ ನಡೆಯಿತು.

"ಏನ್ ಮಾಡ್ಲಿ, ನಿನ್ನ ಜೊತೆ ಬರಲ್ಲ ಅನ್ನುತ್ತೆ," ಎಂದಳು. "ನೀನೇ ಬಂದು ನೋಡ್ಕೊಂಡು ಹೋಗು, ಪಾಪ."

ಈಗ ನಿಜಗುಣ ದಿನಾ ಸಂಜೆ ನೆನೆಸಿದ ಹುರುಳಿ ಹೊತ್ತು ಅವಳ ಕೊಟ್ಟಿಗೆಗೆ ಹೋಗುತ್ತಾನೆ. ಅವನ ಹೆಜ್ಜೆ ಸಪ್ಪಳಕ್ಕೆ ಕಂಪ್ಯೂಟರ್ ಕಿವಿ ನಿಮಿರಿಸುತ್ತದೆ. ದಾಕ್ಷಾಯಿಣಿ ಆಟದಿಂದ ತಲೆ ಎತ್ತುವುದಿಲ್ಲ.