ಸಂತೆಯ ಹೆಂಗಸರ ಬಾಬತ್ತು

ಮನೆತೆರಿಗೆ ಏರಿಸೋಣವೇ ಎಂದು ಅಧ್ಯಕ್ಷ ಗುರುಪ್ರಸಾದ ಕೇಳಿದಾಗ ತೆಲಂಗಾಣ ಗಡಿಯ ಆ ಪುರಸಭೆಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಅಡಿಕೆ ಅಗಿಯುತ್ತಿದ್ದವರೂ ಬಾಯಿ ನಿಲ್ಲಿಸಿದರು. ಹಾಗಾದರೆ ತೈಬಜಾರು ಏರಿಸೋಣವೇ ಎಂದಾಗ ಕೈಗಳು ನಾ ಮುಂದೆ ತಾ ಮುಂದೆ ಎಂದು ಎದ್ದವು. ತೈಬಜಾರೆಂದರೆ ಸಂತೆಯಲ್ಲಿ ಗೋಣಿ ಹಾಸಿ ಕೂತವರಿಂದ ವಸೂಲಿ ಮಾಡುವ ಸುಂಕ. ಕೂರುವವರು ಧನ್ವಾಡ, ಮದ್ದೂರು ಕಡೆಯ ಹಳ್ಳಿಯವರು. ಅವರ ಓಟು ಈ ಊರಿನಲ್ಲಿಲ್ಲ.

ಕೌನ್ಸಿಲರ್ ಆಶಮ್ಮನೂ ಕೈ ಎತ್ತಿದಳು. ಸಂತೆಬಯಲು ಇರುವುದು ಅವಳ ವಾರ್ಡಿನಲ್ಲೇ. ಖರ್ಚಿನ ಕಡೆ 'ಸಂತೆಯ ಹೆಂಗಸರಿಗೆ ಶೌಚಾಲಯ' ಎಂಬ ಬಾಬತ್ತನ್ನು ಸೇರಿಸಲು ಅವಳು ಕಚೇರಿಯ ಮೆಟ್ಟಿಲು ಸವೆಸಿದ್ದಳು, ಎರಡು ಸಲ ಮೇಜು ಗುದ್ದಿದ್ದಳು. ಸುಂಕ ಏರಿದರೆ ಏರಲಿ, ಅವರ ದುಡ್ಡು ಅವರಿಗೇ ಬಂತಲ್ಲ ಎಂಬುದು ಅವಳ ಲೆಕ್ಕ.

ಲೆಕ್ಕ ಬಹಳ ಹೊತ್ತು ನಿಲ್ಲಲಿಲ್ಲ. ಏರಿಸಿದ ಮೇಲೂ ಹಣ ಒಂದೇ ಕೆಲಸಕ್ಕೆ ಸಾಲುತ್ತದೆ ಎಂದು ಕಮಿಷನರ್ ತೆಲುಗಿನಲ್ಲಿ ತಿಳಿಸಿದರು. ಸಂತೆಯ ಶೌಚಾಲಯವಾದರೂ ಆಗಬೇಕು, ಇಲ್ಲವೇ ನಾರಾಯಣಪೇಟೆ ರಸ್ತೆಗೆ ಸ್ವಾಗತ ಕಮಾನಾದರೂ ಆಗಬೇಕು.

"ಕಮಾನು ಬೇಕೇ ಬೇಕ್ರೀ," ಎಂದ ಕೌನ್ಸಿಲರ್ ಭೀಮಶಂಕರ್. "ಹೊರಗಿನಿಂದ ಬಂದೋರಿಗೆ ನಮ್ಮ ಊರು ಎಲ್ಲಿ ಸುರು ಆಗ್ತೈತಿ ಅಂತ ಗೊತ್ತಾಗಬ್ಯಾಡೇನು?"

"ಮೂಗು ಇದ್ದೋರಿಗೆ ಗೊತ್ತಾಗ್ತೈತಿ ಬಿಡಪ," ಎಂದಳು ಆಶಮ್ಮ.

ಸಭೆ ನಕ್ಕಿತು. ಭೀಮಶಂಕರನೂ ನಕ್ಕ. ಗುರುಪ್ರಸಾದ ಮಾತ್ರ ನಗಲಿಲ್ಲ. ಬಟ್ಟೆ ಅಂಗಡಿಯ ಗಲ್ಲೆಯ ಮೇಲೆ ಕೂತು ಬೆಳೆದವನು, ಗಿರಾಕಿಯ ಜೊತೆ ದನಿ ಏರಿಸಿ ಗೊತ್ತಿಲ್ಲ.

"ಆಶವ್ವ, ಒಂದು ಮಾತು ಕೇಳ್ತೀನಿ. ಈಗ ಆ ಹೆಣ್ಮಕ್ಕಳು ಎಲ್ಲಿ ಹೋಗ್ತಾರ?"

ಕೊನೆಗೂ ಒಬ್ಬರಾದರೂ ಕೇಳಿದರಲ್ಲ ಎಂದು ಆಶಮ್ಮನಿಗೆ ಹಿಗ್ಗಾಯಿತು. "ನಮ್ಮ ಮನಿಗೇ ಬರ್ತಾರ್ರೀ, ಸಾಬ್ರೇ. ಸಂತಿ ದಿನ ನಮ್ಮ ಹಿತ್ತಲ ಬಾಗಲ ತೆರೆದೇ ಇರ್ತೈತಿ. ಮುಂಜಾನಿಂದ ಸಾಲು ಹಚ್ಚತಾರ. ನೀರು ತುಂಬಿ ತುಂಬಿ ನನ್ನ ರಟ್ಟಿ ಬಿದ್ದು ಹೋಗ್ಯಾವು."

"ಅಂದ್ರ ಬಂದೋಬಸ್ತ್ ಐತಿ."

"ಎಲ್ಲೈತ್ರಿ?"

"ನಿಮ್ಮ ಮನಿ ಐತಲ್ಲವ್ವ. ಪುಣ್ಯದ ಕೆಲಸ ಅದು. ಯಾಕ ಬಿಡ್ತೀರಿ?" ಗುರುಪ್ರಸಾದ ಗುಮಾಸ್ತನ ಕಡೆ ತಿರುಗಿ ತಲೆಯಾಡಿಸಿದ. ಬದಲಿ ವ್ಯವಸ್ಥೆ ಇರುವುದರಿಂದ ಈ ಬಾಬತ್ತನ್ನು ಮುಂದಿನ ವರ್ಷ ನೋಡುವುದೆಂದು ನಡಾವಳಿಯಲ್ಲಿ ಬರೆದಾಯಿತು.

ಆಶಮ್ಮ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ನಿಮ್ಮ ಮನ್ಯಾಗ ನಾಕು ಪಾಯಖಾನಿ ಅದಾವಂತಲ್ಲ! ಒಂದರ ತೆರೀರಿ ನೋಡೂಣು! ಪುಣ್ಯ ನೀವೂ ಒಂದೀಟು ಕಟ್ಟಿಕೊಳ್ರಿ!"

"ಕೂರ್ಚೋಂಡಮ್ಮಾ, ಕೂರ್ಚೋಂಡಿ," ಎಂದರು ಕಮಿಷನರ್. ಅಷ್ಟರಲ್ಲಿ ಚಹಾ ಬಂತು. ಯಾರೋ ಅವಳ ಕುರ್ಚಿ ಎತ್ತಿಟ್ಟರು. ಕಮಾನಿಗೆ ಮಂಜೂರಿ ಸಿಕ್ಕಿತು.

ಸಂತೆಯ ದಿನ ಬೆಳಿಗ್ಗೆ ಆಶಮ್ಮ ಹಿತ್ತಲ ಬಾಗಿಲಿಗೆ ಬೀಗ ಜಡಿದು, ಮೆಟ್ಟಿಲ ಮೇಲೆ ಕೂತಳು. ಬಂದೋಬಸ್ತ್ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಬೇಕಲ್ಲ, ಬರೆಯಲಿ ಮಕ್ಕಳು, ಎಂದುಕೊಂಡಳು. ಬಿಸಿಲು ಏರುವ ಹೊತ್ತಿಗೆ ಧನ್ವಾಡದಿಂದ ಸೊಪ್ಪು ತರುವ ಚನ್ನವೀರಮ್ಮ ಮುದುಕಿ ನೆರಿಗೆ ಹಿಡಿದುಕೊಂಡು ಬಿರಬಿರನೆ ಬಂದಳು. ಹಿಂದೆ ಮೂರ್ನಾಲ್ಕು ಹೆಂಗಸರು. ಬೀಗ ಕಂಡು ಎಲ್ಲರೂ ನಿಂತರು.

"ಯಾಕವ್ವ ಆಶಮ್ಮ, ಮನ್ಯಾಗ ಯಾರರ ತೀರಿಕೊಂಡರೇನು?"

"ಯಾರೂ ತೀರಿಲ್ಲಬೇ. ಎಲ್ಲಾರೂ ಗಟ್ಟಿ ಅದಾರ, ಅದೇ ನನ್ನ ಸಂಕಟ." ಆಶಮ್ಮ ಸಭೆಯಲ್ಲಿ ನಡೆದದ್ದನ್ನು ಬೈಗುಳದ ಸಮೇತ ಹೇಳಿದಳು.

"ನಮ್ಮ ತೈಬಜಾರು ಏರಿಸಾಕ ನೀನೂ ಕೈ ಎತ್ತಿದ್ಯೇನು?" ಹಿಂದೆ ನಿಂತಿದ್ದ ಉಳ್ಳಾಗಡ್ಡಿ ಮಾರುವ ಹೆಂಗಸು ಕೇಳಿದಳು.

"ಎತ್ತೀನಿ," ಎಂದಳು ಆಶಮ್ಮ. ಆಮೇಲೆ ದನಿ ಇಳಿಯಿತು. "ನಿಮಗ ಕಟ್ಟಿಸಿ ಕೊಡ್ತಾರ ಅಂತ ಎತ್ತಿದ್ನೆವ್ವ. ಈಗ ನಾಕು ಸಂತಿ ಹೆಂಗರ ತಡ್ಕೋರಿ. ನಾ ಬಾಗಲ ತೆರೆದಿಟ್ರ ಅವರು ಸಾಯೋತನ ಕಟ್ಟಾಂಗಿಲ್ಲ."

ಯಾರೂ ಜಗಳ ತೆಗೆಯಲಿಲ್ಲ. ಬೈದಿದ್ದರೆ ಆಶಮ್ಮನಿಗೂ ಹಗುರಾಗುತ್ತಿತ್ತು. ಚನ್ನವೀರಮ್ಮ ಬೀಗವನ್ನು ನೋಡಿದಳು, ಅವಳ ಮುಖ ನೋಡಿದಳು.

"ತೆರೀಬ್ಯಾಡ ಬಿಡವ್ವ. ನೀ ಹೇಳೋದು ಖರೇ ಐತಿ. ನೀ ಬಾಗಲ ತೆಗೆಯೋಕಿಂತ ಮೊದಲ ನಾವು ಹಂಗ ಕುಂದರ್ತಿದ್ವಿ. ಮುಂಜಾನಿಂದ ನೀರು ಕುಡೀದಿದ್ರ ಆತು." ಹಿಂದಿದ್ದವರಿಗೆ, "ನಡೀರಿ, ಗಿರಾಕಿ ಹೊಳ್ಳಿ ಹೋಗ್ತಾವು," ಎಂದಳು.

ಹೆಂಗಸರು ಬಂದ ದಾರಿಯಲ್ಲೇ ತಿರುಗಿದರು. ಮುದುಕಿ ಮಾತ್ರ ಓಣಿಯ ತಿರುವಿನವರೆಗೆ ಹೋಗಿ, ಏನೋ ನೆನಪಾದವಳಂತೆ ನಿಂತಳು. ಮತ್ತೆ ಮೆಟ್ಟಿಲ ತನಕ ನಡೆದು ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ.

"ಅಲ್ಲವ್ವ ಆಶಮ್ಮ, ನಾವೇನೋ ತಡ್ಕೊಂಡು ಕುಂದರ್ತೀವಿ. ತಡ್ಕೊಂಡು ಕುಂತೀವಿ ಅಂತ ಅವರಿಗೆ ಹೆಂಗ ಗೊತ್ತಾಗಬೇಕು?"