ಹೊಡೆದುಹಾಕಿದ ಮೂರು ಸಾಲು

"ಮೇಷ್ಟ್ರೇ, ಇಂಗ್ಲಿಷಲ್ಲಿ ಒಂದೇ ಮಾತು ಮೂರು ಸಲ ಬರೆದ್ರೆ ತಪ್ಪಾ?" ಎಂದು ಪೊವಾ ಕೇಳಿದಳು.

ವರ್ಲಿನ್ ಟೊಲೆಫ್ಸನ್ ಅವರ ಪೆನ್ಸಿಲ್ ಆಗಲೇ ಅವಳ ಹಾಳೆಯ ಮೇಲೆ ಓಡುತ್ತಿತ್ತು. "ತಪ್ಪೇನಲ್ಲ ಕಣಮ್ಮ. ಓದೋರಿಗೆ ಬೇಜಾರು, ಅಷ್ಟೆ. ಅವರನ್ನ ಕಟ್ಟಿಹಾಕಿ ಓದಿಸೋಕಾಗುತ್ತಾ?"

ಅಮೆರಿಕದ ಮಿನ್ನೆಸೋಟಾದ ಒಂದು ಊರಿನ ಗ್ರಂಥಾಲಯದಲ್ಲಿ ಗುರುವಾರ ಸಂಜೆ ಅವರಿಗೊಂದು ಮೇಜು ಮೀಸಲು. ಇಂಗ್ಲಿಷ್ ಕಲಿಯುವವರು ಯಾವ ಅನುಮಾನವನ್ನಾದರೂ ಅಲ್ಲಿಗೆ ತರಬಹುದು. ಪೊವಾಳಿಗಿಂತ ಮೊದಲು ಬಂದವನು 'ಟೇಕ್' ಎಲ್ಲಿ, 'ಬ್ರಿಂಗ್' ಎಲ್ಲಿ ಎಂದು ಕೇಳಿಕೊಂಡು ಹೋಗಿದ್ದ. ಪೊವಾ ತಂದದ್ದು ಒಂದು ಹೇಳಿಕೆ. ಒಂದು ಶುಕ್ರವಾರ ಮಧ್ಯಾಹ್ನ ಹಂದಿಮಾಂಸದ ಕಾರ್ಖಾನೆಯಲ್ಲಿ ಚರ್ಮ ಸುಲಿಯುವ ಯಂತ್ರಕ್ಕೆ ಸಿಕ್ಕಿ ಅವಳ ಗಂಡ ಟಮ್ಲಾನ ಬಲಗೈಯ ನಾಲ್ಕು ಬೆರಳು ಹೋಗಿದ್ದವು. ಬ್ಲೇಡಿನ ಮೇಲಿನ ಮುಚ್ಚಳವನ್ನು ಅವನೇ ಬಿಚ್ಚಿದ ಎಂದು ಹೇಳಿ ಕಾರ್ಖಾನೆ ಅವನನ್ನು ಕೆಲಸದಿಂದ ತೆಗೆದಿತ್ತು. ಕಾರ್ಮಿಕ ಸಂಘ ಅದನ್ನು ಮಧ್ಯಸ್ಥರ ಮುಂದೆ ವಿಚಾರಣೆಗೆ ಒಯ್ದಿತ್ತು. ಮುಚ್ಚಳ ಮೊದಲೇ ಸಡಿಲವಾಗಿತ್ತು, ಅದು ಮೇಲಿನವರಿಗೆ ಗೊತ್ತಿತ್ತು ಎಂದು ಹೇಳಬಲ್ಲವಳು, ಅದೇ ಸಾಲಿನಲ್ಲಿ ಅವನ ಪಕ್ಕ ನಿಂತು ಕೆಲಸ ಮಾಡುತ್ತಿದ್ದ ಪೊವಾ ಒಬ್ಬಳೇ. ದುಭಾಷಿಯನ್ನು ಕೊಡುತ್ತೇವೆ ಎಂದು ಸಂಘದವರು ಹೇಳಿದರೂ ಅವಳು ಒಪ್ಪಲಿಲ್ಲ. ಗಂಡನ ವಿಷಯ ಬೇರೆಯವರ ಬಾಯಲ್ಲಿ ಹೋಗುವುದು ಬೇಡ, ತಾನೇ ಬರೆಯುತ್ತೇನೆ ಎಂದಿದ್ದಳು.

ಹಾಳೆಯಲ್ಲಿ ಹೀಗಿತ್ತು: ಸೋಮವಾರ ನಾನು ಸೂಪರ್‌ವೈಸರಿಗೆ ಮುಚ್ಚಳ ಸಡಿಲ ಎಂದು ಹೇಳಿದೆ. ಬುಧವಾರ ನಾನು ಸೂಪರ್‌ವೈಸರಿಗೆ ಮುಚ್ಚಳ ಸಡಿಲ ಎಂದು ಹೇಳಿದೆ. ಶುಕ್ರವಾರ ಬೆಳಿಗ್ಗೆ ನಾನು ಸೂಪರ್‌ವೈಸರಿಗೆ ಮುಚ್ಚಳ ಸಡಿಲ ಎಂದು ಹೇಳಿದೆ. ವರ್ಲಿನ್ ಮೂವತ್ತೆಂಟು ವರ್ಷ ಜಿಲ್ಲಾ ಪತ್ರಿಕೆಯಲ್ಲಿ ಉಪಸಂಪಾದಕರಾಗಿ ಬೇರೆಯವರ ವಾಕ್ಯಗಳನ್ನು ಕತ್ತರಿಸಿದವರು. ಪತ್ರಿಕೆ ಮುಚ್ಚಿ ಆರು ವರ್ಷವಾಗಿತ್ತು. ಕೈ ಮಾತ್ರ ಕೆಲಸ ಬಿಟ್ಟಿರಲಿಲ್ಲ. ಮೂರು ಸಾಲುಗಳನ್ನೂ ಹೊಡೆದುಹಾಕಿ ಮೇಲೆ ಒಂದೇ ಸಾಲು ಬರೆದರು: ಮುಚ್ಚಳ ಸಡಿಲವಾಗಿದೆಯೆಂದು ನಾನು ಸೂಪರ್‌ವೈಸರಿಗೆ ಪದೇ ಪದೇ ತಿಳಿಸಿದ್ದೆ.

"ನೋಡು, ಈಗ ಎಷ್ಟು ಅಚ್ಚುಕಟ್ಟಾಯ್ತು," ಎಂದರು.

ಪೊವಾ ಆ ಸಾಲನ್ನು ತುಂಬ ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, "ಸರಿ ಮೇಷ್ಟ್ರೇ" ಎಂದಷ್ಟೇ ಹೇಳಿದಳು. ಹೊಸ ಹಾಳೆಯಲ್ಲಿ ದುಂಡಗೆ ನಕಲು ಮಾಡಿಕೊಂಡು, ಹಳೆಯದನ್ನು ಹರಿದು ಬುಟ್ಟಿಗೆ ಹಾಕಿ ಹೋದಳು.

ಮೂರು ವಾರ ಬಿಟ್ಟು ಮತ್ತೆ ಬಂದಾಗ ಅವಳು ಕೋಟನ್ನೂ ತೆಗೆಯಲಿಲ್ಲ, ಕೂರಲೂ ಇಲ್ಲ.

"ಕಾರ್ಖಾನೆ ವಕೀಲ ಕೇಳ್ದ, ಪದೇ ಪದೇ ಅಂದ್ರೆ ಎಷ್ಟು ಸಲ, ಯಾವತ್ತು ಯಾವತ್ತು ಅಂತ. ಮೂರು ದಿನಾನೂ ಹೇಳ್ದೆ. ಬರೆದುಕೊಟ್ಟಾಗ ಇಲ್ಲದ ದಿನಗಳು ಈಗ ಎಲ್ಲಿಂದ ಹುಟ್ಟಿದ್ವಮ್ಮ, ರಾತ್ರಿ ಗಂಡ ಕೂತು ಬಾಯಿಪಾಠ ಮಾಡಿಸಿದ್ನಾ ಅಂದ. ಕೋಣೇಲಿದ್ದೋರು ನಕ್ಕರು. ಟಮ್ಲಾ ತಲೆ ಎತ್ತಲಿಲ್ಲ."

ವರ್ಲಿನ್ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. 'ಯಾವಾಗ' ಎಂಬುದಿಲ್ಲದ ಸುದ್ದಿಯನ್ನು ಅವರು ಒಂದು ದಿನವೂ ಅಚ್ಚಿಗೆ ಬಿಟ್ಟವರಲ್ಲ. ದಿನ ಬಿಟ್ಟು ಬರೆದು ತಂದ ವರದಿಗಾರರನ್ನು ಎಲ್ಲರೆದುರು ನಿಲ್ಲಿಸಿ ಬೈದವರು.

"ದಿನ ಬೇಕೇ ಬೇಕು ಅಂತ ನೀನು ಅವತ್ತೇ ಯಾಕಮ್ಮ ಹೇಳ್ಲಿಲ್ಲ?"

"ನೀವು ಮೇಷ್ಟ್ರು. ಥಾಯ್ ಗಡೀಲಿ, ನಮ್ಮ ನಿರಾಶ್ರಿತರ ಕ್ಯಾಂಪಿನ ಶಾಲೇಲಿ, ಮೇಷ್ಟ್ರು ಹೊಡೆದುಹಾಕಿದ್ದನ್ನ ಯಾಕೆ ಅಂತ ಯಾರೂ ಕೇಳ್ತಿರ್ಲಿಲ್ಲ. ಇಂಗ್ಲಿಷಿನೋರಿಗೆ ದಿನ ಬೇಡವೇನೋ ಅಂದ್ಕೊಂಡೆ."

"ತೀರ್ಪು ಬಂತಾ?"

"ಇಲ್ಲ. ಇನ್ನೇನಾದ್ರೂ ಕೊಡೋದಿದ್ರೆ ನಾಳೆ ಸಂಜೆ ಒಳಗೆ ಕೊಡಿ ಅಂತ ಮಧ್ಯಸ್ಥರು ಅಂದಿದ್ದಾರೆ."

ವರ್ಲಿನ್ ಬಿಳಿ ಹಾಳೆಯೊಂದನ್ನು ಎಳೆದುಕೊಂಡು ಪೆನ್ನಿನಲ್ಲಿ ಬರೆಯತೊಡಗಿದರು. ಈ ಹೆಂಗಸು ತಂದ ಮೊದಲ ಹಾಳೆಯಲ್ಲಿ, ನನಗೆ ನೆನಪಿರುವ ಮಟ್ಟಿಗೆ, ಸೋಮವಾರ, ಬುಧವಾರ, ಶುಕ್ರವಾರ ಎಂದು ಮೂರು ದಿನಗಳು ಬೇರೆ ಬೇರೆಯಾಗಿದ್ದವು. ಅವನ್ನು ತೆಗೆದವನು ನಾನು. ತೆಗೆಯಿರಿ ಎಂದು ಅವಳು ಕೇಳಿರಲಿಲ್ಲ. ಬರೆದು ಮುಗಿಸಿ ಅವಳ ಮುಂದಿಟ್ಟರು. ಪೊವಾ ಕುರ್ಚಿಯ ತುದಿಯಲ್ಲಿ ಕೂತು, ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದಳು. ಬೆರಳು ಒಂದು ಕಡೆ ನಿಂತಿತು.

"'ನನಗೆ ನೆನಪಿರುವ ಮಟ್ಟಿಗೆ.' ಇದ್ಯಾಕೆ ಮೇಷ್ಟ್ರೇ?"

"ಪತ್ರಿಕೆಯವರ ರೂಢಿ ಅದು. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ನಮ್ಮ ತಲೆಗೆ ಬರಬಾರ್ದು ನೋಡು."

"ನಿಮಗೆ ನೆನಪಿದ್ಯೋ, ಇಲ್ವೋ?"

ಅವರು ಅವಳ ಮುಖ ನೋಡಿದರು. "ಇದೆ," ಎಂದರು.

ಪೊವಾ ಅವರ ಕೈಯಿಂದಲೇ ಪೆನ್ನು ತೆಗೆದುಕೊಂಡು ಆ ಮಾತಿನ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದಳು. ಸರಿಯಾಗಿ ಹೊಡೆದಿದೆಯೇ ಎಂದು ಬಗ್ಗಿ ನೋಡಿ, ಇನ್ನೊಂದು ಸಲ ಎಳೆದಳು. ಆಮೇಲೆ ಹಾಳೆಯನ್ನು ಅವರತ್ತ ತಿರುಗಿಸಿ, ಸಹಿಯ ಜಾಗದಲ್ಲಿ ಬೆರಳಿಟ್ಟಳು.